ಕಲ್ಲುದಾರಿಯ ಪಂದ್ಯ

ಕಲ್ಲಿಗೂ ಮಾನವುಂಟೆಂಬುದನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬವು, ಎರಡನೆಯ ವೀರಬಲ್ಲಾಳನು ತೀರಿಹೋದಾಗ ಪ್ರಾಣಾರ್ಪಣೆ ಮಾಡಿದ ಕುವರ ಲಕ್ಷ್ಮನ ಸ್ಮಾರಕವಾಗಿದೆ. ಸಾಹಸಕ್ಕೆ ಕಲ್ಲನ್ನೇ ಗೌರವಚಿಹ್ನೆಯಾಗಿ ನೀಡುವ ರೂಢಿಯು ಫ್ರಾನ್ಸ್ ದೇಶದ ಒಂದು ಬೈಸಿಕಲ್ ಪಂದ್ಯದಲ್ಲಿಯೂ ಇದೆ. ಪ್ಯಾರಿಸ್-ರೂಬೇ ಎಂಬ ಆ ಪಂದ್ಯದ ಚರಿತ್ರೆಯು ನಮಗೂ ಬೋಧಪ್ರದವಾದುದು.

ರೂಬೇ ಎಂಬುದು ಬೆಲ್ಜಿಯಂ ಗಡಿಗೆ ಸಮೀಪದ ಜವಳಿ ಗಿರಣಿಗಳ ಪಟ್ಟಣ. ಅಲ್ಲಿಯ ಗಿರಣಿ ಮಾಲೀಕರಾದ ತಿಯೊದೋರ್ ವಿಯೆನ್, ಮೋರಿಸ್ ಪೆರೇ ಎಂಬಿಬ್ಬರು 1895ರಲ್ಲಿ ಬೈಸಿಕಲ್ ಪಂದ್ಯದ ಕ್ರೀಡಾಂಗಣವನ್ನು ಕಟ್ಟಿಸಿ, ಅದರ ಪ್ರಸಿದ್ಧಿಗಾಗಿ ಮರುವರ್ಷವೇ ಪ್ಯಾರಿಸಿನಿಂದ ಅಲ್ಲಿಗೆ ಒಂದೇ ದಿನದ ಪಂದ್ಯವನ್ನೇರ್ಪಡಿಸಿದರು. ಸುಮಾರು 280 ಕಿಲೋಮೀಟರ್ ದಾರಿಯನ್ನು ಜರ್ಮನಿಯ ಯೋಸೆಫ್ ಫಿಷರನು ಒಂಬತ್ತು ಗಂಟೆಗಳಿಗೆ ತುಸು ಮಿಕ್ಕ ಕಾಲದಲ್ಲಿ ಕ್ರಮಿಸಿ ಮೊದಲಿಗನಾದನು. ಕಡೆದ ಕಲ್ಲುತುಂಡುಗಳನ್ನು ಹಾಸಿದ ರಸ್ತೆಗಳು ಆಗ ಅಲ್ಲಿ ಸಾಮಾನ್ಯವಾಗಿದ್ದುವು. ಅವನ್ನು ಯಾರೂ ವಿಶೇಷವೆಂದು ಎಣಿಸಿರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಆ ಪ್ರಾಂತವು ರಣರಂಗವಾಯಿತು. 1919ರಲ್ಲಿ ಪಂದ್ಯವನ್ನು ಪುನಃ ನಡೆಸಲು ದಾರಿಯನ್ನು ನೋಡಹೋದವರಿಗೆ ಕಂಡದ್ದು ಗುಂಡುಬಿದ್ದ ಹಳ್ಳಗಳು, ಸುಟ್ಟ ಮರಗಳು, ನೆಲಸಮವಾದ ಊರುಗಳು. ‘ಉತ್ತರದ ನರಕ’ ಎಂಬ ಹೆಸರು ಅಂದು ಬಂದಿತು. ಈಗಿನವರು ಅದು ಕಲ್ಲುಗಳ ಕಾಠಿನ್ಯದಿಂದ ಬಂದುದೆಂದು ಭಾವಿಸುವುದುಂಟು. ಅದರ ಮೂಲವು ಮನುಷ್ಯರ ಕಲಹದಲ್ಲಿದೆ.

ಎರಡನೆಯ ಮಹಾಯುದ್ಧದ ತರುವಾಯ ಬೇರೊಂದು ವಿಪತ್ತು ಒದಗಿತು. ಕಲ್ಲುದಾರಿಯು ಹಿಂದುಳಿದ ಊರಿನ ಲಕ್ಷಣವೆಂದು ನಾಚಿ ಊರೂರಿನವರೂ ಡಾಂಬರು ಹಾಕಿಸತೊಡಗಿದರು. ಪಂದ್ಯದ ಜೀವವೇ ಕರಗುತ್ತ ಬಂದಿತು. ಆಗ ವ್ಯವಸ್ಥಾಪಕರು ಹೊಲಗಳ ನಡುವಣ ಹಳೆಯ ಬಂಡಿದಾರಿಗಳನ್ನು ಹುಡುಕಿದರು. ಹಿಂದೆ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಸವಾರ ಜಾನ್ ಸ್ಟಾಬ್ಲಿನ್ಸ್ಕಿಯು ತೋರಿದ ಆರೆಂಬೆರ್ಗ್ ಅಡವಿಯ ದಾರಿಯು 1968ರಲ್ಲಿ ಪಂದ್ಯಕ್ಕೆ ಸೇರಿತು. 1977ರಿಂದ ಪಂದ್ಯವು ಪ್ಯಾರಿಸಿನ ಉತ್ತರದ ಕೊಂಪಿಯೇನ್ ಪಟ್ಟಣದಿಂದ ಹೊರಡುತ್ತಿದೆ. ಹೆಸರು ಮಾತ್ರ ಹಳೆಯದೇ. ಸುಮಾರು 260 ಕಿಲೋಮೀಟರಿನಲ್ಲಿ 50ಕ್ಕೂ ಮಿಕ್ಕು ಕಲ್ಲುಹಾಸು. ಈ ಪಂದ್ಯದ ಅಭಿಮಾನಿಗಳು ಸಂಘ ಕಟ್ಟಿಕೊಂಡು, ಕುಸಿದ ಕಲ್ಲುಗಳನ್ನೆತ್ತಿ ಪುನಃ ಕೂರಿಸುತ್ತಾರೆ. ಗೆದ್ದವನಿಗೆ ಪೀಠದ ಮೇಲಿರಿಸಿದ ಅಂಥದೊಂದು ಕಲ್ಲೇ ಬಹುಮಾನ. 2021ರಲ್ಲಿ ಮಹಿಳೆಯರ ಪಂದ್ಯವೂ ಆರಂಭವಾಗಿ, ಇಂಗ್ಲೆಂಡಿನ ಲಿಜ್ಜಿ ಡೈನನ್ ಪ್ರಥಮ ವಿಜೇತೆಯಾದಳು.

ಆ ಕಲ್ಲುಗಳಲ್ಲಿ ಶಿಲ್ಪವಿಲ್ಲ, ಶಾಸನವಿಲ್ಲ. ಬಂಡಿಯ ಗಾಲಿಗಾಗಿ ಹಾಸಿದ ಒರಟು ಕಲ್ಲುಗಳವು. ಅವುಗಳನ್ನು ಕಾಪಾಡುವವರಿದ್ದಾರೆ. ನಮ್ಮಲ್ಲಿಯಾದರೋ, ತುರುಗಳನ್ನು ಕಾಯುತ್ತ ಮಡಿದವರ ವೀರಗಲ್ಲುಗಳು ಎಷ್ಟೋ ಕಡೆ ಬಟ್ಟೆಯೊಗೆಯುವ ಹಾಸಾಗಿಯೂ ಕಟ್ಟೆಯ ಮೆಟ್ಟಿಲಾಗಿಯೂ ಸವೆದಿವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷದ ಸಂಗತಿ. ಆದರೆ ಆ ಪಟ್ಟಿಯಲ್ಲಿ ಅರಸೀಕೆರೆಯ ಈಶ್ವರಾಲಯವಿಲ್ಲ. ಹೊಲದಂಚಿನಲ್ಲಿ ವಾಲಿ ನಿಂತ ವೀರಗಲ್ಲಂತೂ ಇಲ್ಲವೇ ಇಲ್ಲ. ಅದನ್ನು ರಕ್ಷಿಸಲು ದೂರದಿಂದ ಯಾರೂ ಬರಲಾರರು. ಊರಿನವರು ನಾಲ್ವರು ಸೇರಿ ಅದನ್ನೆತ್ತಿ ನೆಟ್ಟಗೆ ನಿಲ್ಲಿಸಿ, ಅದರ ಮೇಲಿನ ಅಕ್ಷರಗಳನ್ನು ತಿಳಿದವರಿಂದ ಓದಿಸಿ, ಮಕ್ಕಳಿಗೆ ಅದರ ಕಥೆಯನ್ನು ಹೇಳಿದರೆ ಸಾಕು. ರೂಬೇ ಸೀಮೆಯ ರೈತರ ಬಂಡಿದಾರಿಗೆ ದೊರೆತ ಆದರವು ನಮ್ಮ ವೀರರ ಕಲ್ಲಿಗೂ ದೊರೆಯಲೆಂಬುದೇ ಈ ಲೇಖನದ ಆಶಯ.