ಅಡುಗೆಮನೆಯ ಕಪಾಟಿಗೆ ಎಂಥ ಬಾಗಿಲು?

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಲ್ಲಿ ಮನೆ ಕಟ್ಟಿಸುವವರು ಅಡುಗೆಮನೆಯ ಕಪಾಟಿನ ಬಾಗಿಲಿನ ಕಡೆ ಗಮನ ಹರಿಸುವುದು ಸಾಮಾನ್ಯವಾಗಿ ಕೊನೆಯಲ್ಲಿ. ಅಷ್ಟರಲ್ಲಿ ಕೈಯಲ್ಲಿನ ಹಣ ಕರಗಿರುತ್ತದೆ, ಗೃಹಪ್ರವೇಶದ ದಿನ ಹತ್ತಿರ ಬಂದಿರುತ್ತದೆ. ಅಂಗಡಿಯವರು ತೋರಿಸಿದ ಬಣ್ಣದ ಪುಸ್ತಕದಲ್ಲಿ ಹೊಳೆಯುವ ಒಂದನ್ನು ಆರಿಸಿ ಕೆಲಸ ಮುಗಿಸಲಾಗುತ್ತದೆ. ಆದರೆ ಆ ಪುಸ್ತಕ ಸಿದ್ಧಗೊಂಡಿರುವುದು ಮಹಾನಗರದ ಫ್ಲ್ಯಾಟುಗಳಿಗಾಗಿ. ದಿನವೂ ಜೋಳದ ರೊಟ್ಟಿ ತಟ್ಟುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಒರಲೆಯ ಕಾಟವಿರುವ, ಕೆಲವೆಡೆ ಹೊಳೆಯ ನೀರೂ ಒಳಬರುವ ಮನೆಗಳಿಗೆ ಅದೇ ಬಾಗಿಲು ಒಗ್ಗುವುದೆಂದು ಹೇಳಲಾಗದು.

ಹಿಂದಿನ ಅಡುಗೆಮನೆಗಳಲ್ಲಿ ಇಂತಹ ಬಾಗಿಲುಗಳೇ ವಿರಳ. ದಪ್ಪ ಮಣ್ಣಿನ ಗೋಡೆಯಲ್ಲಿ ಬಿಟ್ಟ ಗೂಡುಗಳು, ಗೋಡೆಗೆ ಹೊಂದಿಸಿದ ಮರದ ನಾಗಂದಿಗೆ, ಅದರ ಮೇಲೆ ಸಾಲಾಗಿ ಹಿತ್ತಾಳೆಯ ಪಾತ್ರೆಗಳು, ಹಾಲು-ಬೆಣ್ಣೆಗೆ ಬೆಕ್ಕಿನ ಬಾಯಿ ತಪ್ಪಿಸಲು ಒಂದು ಜಾಳಿಗೆಯ ಕಪಾಟು, ಇಷ್ಟೇ. 1948ರವರೆಗೆ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯ ಹಳೆಯ ವಾಡೆಗಳಲ್ಲಿ ಗೂಡುಗಳಿಗೆ ಸಾಗವಾನಿಯ ಪುಟ್ಟ ಕದಗಳಿದ್ದುದುಂಟು. ಸಿಮೆಂಟಿನ ಮನೆಗಳು ಬಂದ ಮೇಲೆ ನಾಗಂದಿಗೆಯ ಜಾಗವನ್ನು ಕಡಪ ಕಲ್ಲಿನ ಹಲಗೆಗಳು ಹಿಡಿದವು. ಆದ್ದರಿಂದ ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಪ್ರಶ್ನೆಯಿರುವುದು ಕಾರ್ಖಾನೆಯಿಂದ ಬರುವ ಪೆಟ್ಟಿಗೆಗಳ ಕುರಿತಲ್ಲ, ಅಡುಗೆ ಕಟ್ಟೆಯ ಕೆಳಗೆ ಈಗಾಗಲೇ ಇರುವ ಕಲ್ಲಿನ ಖಾನೆಗಳಿಗೆ ಎಂಥ ಬಾಗಿಲು ಕೂಡಿಸಬೇಕೆಂಬುದು.

ರೂಪಗಳು ಯಾವುವು?

ಬಡಿಗರು 'ಶಟರ್' ಎಂದು ಕರೆಯುವ ಈ ಬಾಗಿಲುಗಳಲ್ಲಿ ಮೊದಲನೆಯದು ಸಪಾಟಾದ ಒಂದೇ ಹಲಗೆ. ಎರಡನೆಯದು ನಾಲ್ಕು ಪಟ್ಟಿಗಳ ಚೌಕಟ್ಟು, ನಡುವೆ ತಗ್ಗಿದ ಫಲಕ. ಅಮೆರಿಕದ ಶೇಕರ್ ಎಂಬ ಧಾರ್ಮಿಕ ಪಂಥದವರ ಸರಳ ಪೀಠೋಪಕರಣಗಳಿಂದಾಗಿ ಇದಕ್ಕೆ 'ಶೇಕರ್' ಬಾಗಿಲೆಂಬ ಹೆಸರು ಬಂದಿದೆ. ಮೂರನೆಯದು ಎಂ.ಡಿ.ಎಫ್. ಹಲಗೆಯಲ್ಲಿ ಯಂತ್ರದಿಂದ ಬಳ್ಳಿ, ಕಮಾನುಗಳ ಗೆರೆ ಕೊರೆದು ಮೇಲೆ ಪಿವಿಸಿ ಹಾಳೆ ಅಂಟಿಸಿದ್ದು; 'ಮೆಂಬ್ರೇನ್' ಎನ್ನುವುದು ಇದನ್ನೇ. ಇವಲ್ಲದೆ ಗಾಜಿನ ಬಾಗಿಲು, ಅಡ್ಡಪಟ್ಟಿಗಳ ಗಾಳಿಬಾಗಿಲು, ಪಕ್ಕಕ್ಕೆ ಸರಿಯುವ ಬಾಗಿಲು, ಅಲ್ಯುಮಿನಿಯಂ ಚೌಕಟ್ಟಿನ ಬಾಗಿಲುಗಳೂ ಇವೆ.

ನೋಟಕ್ಕೆ ಗೆಲ್ಲುವುದು ಕೆತ್ತನೆಯ ಮೆಂಬ್ರೇನ್. ಬಳಕೆಯಲ್ಲಿ ಮೊದಲು ಸೋಲುವುದೂ ಅದೇ! ಜೋಳದ ಹಿಟ್ಟು ಬಲು ನಯ. ರೊಟ್ಟಿ ತಟ್ಟುವಾಗ ಎದ್ದ ಹಿಟ್ಟು ಒಗ್ಗರಣೆಯ ಜಿಡ್ಡಿನೊಂದಿಗೆ ಬೆರೆತು ಗೆರೆಗಳಲ್ಲಿ ಕುಳಿತರೆ ಬಟ್ಟೆಯಿಂದ ಒರೆಸಿದರೆ ಹೋಗದು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದ ಹತ್ತಿಯ ಎಳೆಪುಡಿಯೂ ಇದಕ್ಕೆ ಸೇರುತ್ತದೆ. ಮುಧೋಳ, ಜಮಖಂಡಿಯ ಕಬ್ಬಿನ ಸೀಮೆಯಲ್ಲಿ ಕಟಾವಿನ ನಂತರ ರವದಿಗೆ ಬೆಂಕಿಯಿಟ್ಟ ದಿನ ಕರಿಯ ಚೂರುಗಳು ಕಿಟಕಿಯಿಂದ ಒಳಬಂದು ಕೂರುತ್ತವೆ. ಈ ಎಲ್ಲವನ್ನೂ ಒಂದೇ ಕೈಯಲ್ಲಿ ಒರೆಸಿ ತೆಗೆಯಲು ಬರುವುದು ಸಪಾಟಾದ ಬಾಗಿಲು ಮಾತ್ರ. ಶೇಕರ್ ಬಾಗಿಲಿನ ಅಂದ ಬೇಕೇಬೇಕೆನ್ನುವವರು ಅದನ್ನು ಒಲೆಯಿಂದ ದೂರದ ಮೇಲಿನ ಖಾನೆಗಳಿಗೆ ಸೀಮಿತಗೊಳಿಸುವುದು ಲೇಸು. ಸರಿಯುವ ಬಾಗಿಲು ಇಕ್ಕಟ್ಟಿನ ಅಡುಗೆಮನೆಯಲ್ಲಿ ಅನುಕೂಲವೆನಿಸಿದರೂ ಅದರ ಕೆಳಗಿನ ಹಳಿ ಹಿಟ್ಟಿನ ಕಾಲುವೆಯಾಗುತ್ತದೆ; ಅಲ್ಲದೆ ಒಮ್ಮೆಗೆ ಅರ್ಧ ಖಾನೆ ಮಾತ್ರ ತೆರೆಯುತ್ತದೆ.

ಹಿಟ್ಟಿನ ತೊಂದರೆ ಇಲ್ಲಿಗಷ್ಟೇ ಸೀಮಿತವಲ್ಲ. ಆಧುನಿಕ ಜೋಡಣಾ ಅಡುಗೆಮನೆಯ ಮೂಲವೆನ್ನಲಾಗುವ ಜರ್ಮನಿಯ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್‌ಕಿ, ಹುಳು ಹತ್ತದಿರಲೆಂದು ಹಿಟ್ಟಿನ ಡಬ್ಬಿಗಳಿಗೆ ಓಕ್ ಮರವನ್ನೇ ಆರಿಸಿದ್ದರು.

ಒಳಗಿನ ಹಲಗೆಯೇ ಮುಖ್ಯ

ಮೇಲ್ಮೈ ಎಷ್ಟೇ ಚೆನ್ನಾಗಿದ್ದರೂ ಬಾಗಿಲಿನ ಆಯುಷ್ಯ ನಿಂತಿರುವುದು ಒಳಗಿನ ಹಲಗೆಯ ಮೇಲೆ. ಎಂ.ಡಿ.ಎಫ್. ಮತ್ತು ಮರದ ಚೂರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗ. ಆದರೆ ಅಂಚಿನಿಂದ ನೀರು ಒಳಹೊಕ್ಕರೆ ಉಬ್ಬುತ್ತವೆ, ಒಮ್ಮೆ ಉಬ್ಬಿದರೆ ಮೊದಲಿನಂತಾಗುವುದಿಲ್ಲ. ತೊಟ್ಟಿಯ ಕೆಳಗಿನ ಖಾನೆಗೆ ಇವು ತಕ್ಕವಲ್ಲ.

ಪ್ಲೈವುಡ್‌ನಲ್ಲಿ ಎರಡು ದರ್ಜೆಗಳ ವ್ಯತ್ಯಾಸ ತಿಳಿದಿರಬೇಕು. ತೇವ ತಡೆಯುವ ಎಂ.ಆರ್. ದರ್ಜೆಯ ಅಂಟನ್ನು 60 ಡಿಗ್ರಿ ಬಿಸಿನೀರಿನಲ್ಲಿ 3 ಗಂಟೆ ಪರೀಕ್ಷಿಸಲಾಗುತ್ತದೆ. ಐ.ಎಸ್. 710 ಗುರುತಿನ ಹಲಗೆಯ ಅಂಟು ಕುದಿಯುವ ನೀರಿನಲ್ಲಿ 72 ಗಂಟೆ ತಡೆಯಬೇಕು. 'ವಾಟರ್‌ಪ್ರೂಫ್' ಎಂಬ ಅಂಗಡಿಯ ಮಾತಿಗಿಂತ ಹಲಗೆಯ ಮೇಲೆ ಮುದ್ರಿತವಾದ ಈ ಸಂಖ್ಯೆ ಮತ್ತು ಐ.ಎಸ್.ಐ. ಚಿಹ್ನೆಯನ್ನು ಕಣ್ಣಾರೆ ನೋಡುವುದು ಕ್ಷೇಮ. ಇಡೀ ಅಡುಗೆಮನೆಗೆ 710 ಹಾಕಿಸಲು ಸಾಧ್ಯವಾಗದಿದ್ದರೆ ಕಟ್ಟೆಯ ಕೆಳಗಿನ ಬಾಗಿಲುಗಳಿಗಾದರೂ ಅದನ್ನೇ ಹಾಕಿಸಿ, ಉಳಿತಾಯವನ್ನು ಮೇಲಿನ ಬಾಗಿಲುಗಳಲ್ಲಿ ಮಾಡಬಹುದು. ನಾಲ್ಕೂ ಅಂಚುಗಳಿಗೆ, ಅಂದರೆ ಕಣ್ಣಿಗೆ ಬೀಳದ ಕೆಳಗಿನ ಅಂಚಿಗೂ, ಪಟ್ಟಿ ಅಂಟಿಸಿರಬೇಕು. ಬಡಿಗರು ಬಿಟ್ಟುಬಿಡುವುದು ಆ ಕೆಳಗಿನ ಅಂಚನ್ನೇ, ಒರಲೆ ಮತ್ತು ತೇವ ಏರುವುದೂ ಅಲ್ಲಿಂದಲೇ.

ಮೇಲ್ಮೈಗೆ ಹೊಳಪಿಲ್ಲದ ಸನ್‌ಮೈಕಾ ಸಾಕು. ಹೊಳೆಯುವ ಅಕ್ರಿಲಿಕ್ ಮೇಲೆ ಕೈಬೆರಳಿನ ಗುರುತು, ಗೀರು ಎರಡೂ ಎದ್ದು ಕಾಣುತ್ತವೆ. ಕೊಳವೆಬಾವಿಯ ಗಡಸು ನೀರು ಸಿಡಿದು ಒಣಗಿದರೆ ಬಿಳಿ ಕಲೆ ಬೇರೆ.

ಹೊಳೆದಂಡೆಯ ಮನೆಗಳು

2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳಿಗೆ ಬಂದ ಮಹಾಪೂರದಲ್ಲಿ ಈ ತಾಲ್ಲೂಕುಗಳ ನದಿದಂಡೆಯ ಊರುಗಳಲ್ಲಿ ಮನೆಗಳಿಗೆ ನೀರು ನುಗ್ಗಿತ್ತು. ಹೊಳೆನೀರಿನಲ್ಲಿ ದಿನಗಟ್ಟಲೆ ನಿಂತ ಎಂ.ಡಿ.ಎಫ್. ಬಾಗಿಲು ಒಲೆಗೆ ಹಾಕಲೂ ಬಾರದು. ಇಂತಹ ಮನೆಗಳ ಕೆಳಗಿನ ಖಾನೆಗಳಿಗೆ ಅಲ್ಯುಮಿನಿಯಂ ಚೌಕಟ್ಟಿನ ಬಾಗಿಲೇ ಸರಿ. ಪಿವಿಸಿ ಹಲಗೆಗೂ ನೀರು, ಒರಲೆಗಳ ಭಯವಿಲ್ಲ, ಆದರೆ ಅದು ಬಿಸಿಗೆ ಮೆತ್ತಗಾಗುವುದರಿಂದ ಒಲೆಯ ಸಮೀಪ ಬೇಡ. ಕೀಲುಗಳು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಪೂರದ ಮುನ್ಸೂಚನೆ ಬಂದಾಗ ಒತ್ತಿದೊಡನೆ ಕಳಚುವ ಕೀಲುಗಳಿದ್ದರೆ ಬಾಗಿಲುಗಳನ್ನು ತೆಗೆದು ಮಾಳಿಗೆಗೆ ಸಾಗಿಸಲು ಕೆಲವು ನಿಮಿಷ ಸಾಕು.

ಬೀಳಗಿ ತಾಲ್ಲೂಕಿನ ಹಿನ್ನೀರಿನ ಅಂಚಿನ ಕುಟುಂಬಗಳ ಲೆಕ್ಕವೇ ಬೇರೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿತು. ಮುಳುಗಡೆಯಾಗಬಹುದಾದ ಮನೆಯನ್ನು ದುರಸ್ತಿ ಮಾಡಿಸಬೇಕೋ ಬೇಡವೋ ಎಂಬ ತೂಗುಯ್ಯಾಲೆಯಲ್ಲಿ ಇರುವವರು ಗೋಡೆಗೆ ಸಿಮೆಂಟಿನಿಂದ ಕೂಡಿಸುವ ಚೌಕಟ್ಟಿಗೆ ದುಡ್ಡು ಸುರಿಯಬಾರದು. ತಿರುಪುಮೊಳೆಗಳಿಂದ ಜೋಡಿಸಿದ ಬಿಡಿ ಕಪಾಟು ಮಾಡಿಸಿದರೆ ಪುನರ್ವಸತಿ ಕೇಂದ್ರದ ಮನೆಗೂ ಅದು ಜೊತೆಗೆ ಬರುತ್ತದೆ. ಅಳತೆಗಳನ್ನು ಇಡೀ ಅಡುಗೆಮನೆಯಲ್ಲಿ ಒಂದೇ ಸಮನಾಗಿ ಇಡಿಸಿದರೆ ಹೊಸ ಜಾಗದಲ್ಲಿ ಬಾಗಿಲುಗಳನ್ನು ಅದಲುಬದಲು ಮಾಡಿಕೊಳ್ಳಬಹುದು.

ಅಳತೆ ಮತ್ತು ಗಾಳಿ

ಕಡಪ ಕಲ್ಲಿನ ಖಾನೆಗಳು ಕಣ್ಣಿಗೆ ನೇರವಾಗಿ ಕಂಡರೂ ಸಾಮಾನ್ಯವಾಗಿ ಮೂಲೆಮಟ್ಟಕ್ಕೆ ಇರುವುದಿಲ್ಲ. ಪ್ರತಿ ಖಾನೆಯ ಅಗಲವನ್ನು ಮೇಲೆ ಮತ್ತು ಕೆಳಗೆ, ಬಳಿಕ ಮೂಲೆಯಿಂದ ಮೂಲೆಗೆ ಎರಡೂ ಕಡೆಯಿಂದ ಅಳೆಯಬೇಕು. ಚೌಕಟ್ಟಿನ ಒಳಗೆ ಕೂರುವ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗಿ ಕಾಡುತ್ತದೆ. ಚೌಕಟ್ಟಿನ ಮೇಲೆ ಹಾಯುವ ಬಾಗಿಲಾದರೆ ಕಲ್ಲಿನ ಓರೆಕೋರೆಯೂ ಮುಚ್ಚಿಹೋಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಇಡುವ ಖಾನೆಗೆ ಗಾಳಿಬಾಗಿಲು ಅಥವಾ ಜಾಳಿಗೆ ಬೇಕು. ಮುಚ್ಚಿದ ಖಾನೆಯ ಸೆಕೆಯಲ್ಲಿ ಅವು ಬೇಗ ಕೊಳೆಯುತ್ತವೆ. ಇದಕ್ಕಿಂತ ಗಂಭೀರವಾದುದು ಗ್ಯಾಸ್ ಸಿಲಿಂಡರಿನ ಖಾನೆ. ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಅಂದವೆಂದು ಆ ಖಾನೆಗೆ ಸಂದಿಲ್ಲದ ಬಾಗಿಲು ಹಾಕಿಸಿದರೆ ಸೋರಿಕೆಯ ವಾಸನೆ ಹೊರಬರುವ ಹೊತ್ತಿಗೆ ಒಳಗೆ ಅನಿಲ ತುಂಬಿರುತ್ತದೆ. ಬಾಗಿಲಿನ ಮೇಲ್ಭಾಗದಲ್ಲಿ ಮಾತ್ರ ರಂಧ್ರ ಕೊರೆಯುವ ವಾಡಿಕೆ ನಿಷ್ಪ್ರಯೋಜಕ. ನೆಲಕ್ಕೆ ತಾಗಿದಂತೆ ಕೆಳಗಡೆಯೇ ಅಡ್ಡಪಟ್ಟಿ ಅಥವಾ ರಂಧ್ರಗಳಿರಬೇಕು, ಬಾಗಿಲು ಬೀಗವಿಲ್ಲದೆ ಒಂದೇ ಎಳೆತಕ್ಕೆ ತೆರೆಯಬೇಕು, ರೆಗ್ಯುಲೇಟರಿಗೆ ಕೈ ಸುಲಭವಾಗಿ ಸೇರಬೇಕು. ಬಡಿಗರಿಗೆ ಕೆಲಸ ಒಪ್ಪಿಸುವ ದಿನವೇ ಈ ಖಾನೆ ಯಾವುದೆಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಡಬೇಕು. ಎಲ್ಲ ಬಾಗಿಲುಗಳೂ ಒಂದೇ ತೆರನಾಗಿ ತಯಾರಾದ ಮೇಲೆ ಸನ್‌ಮೈಕಾ ಅಂಟಿಸಿದ ಹಲಗೆಗೆ ರಂಧ್ರ ಕೊರೆಯಲು ಅವರು ಒಪ್ಪುವುದು ಕಷ್ಟ.