ಬಳ್ಳಾರಿ ಸೀಮೆಯಲ್ಲಿ ಎಳೆಯ ಮಕ್ಕಳ ವಿದ್ಯಾಭ್ಯಾಸ: ಅಂದು ಮತ್ತು ಇಂದು

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಗೋಪುರ, ಗಂಟೆ, ಬಲಿಪೀಠಗಳ ಚರಿತ್ರೆಯನ್ನೂ, ದುಡಿದು ಹೋದ ಗುರುಗಳ ನೆನಪನ್ನೂ ಓದುಗರು ಅದರಲ್ಲಿ ನಿರೀಕ್ಷಿಸುವುದು ಸಹಜ. ಅವುಗಳಿಗೆ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಸ್ಥಾನವಿದೆ. ಆದರೆ ದೇವಾಲಯದ ಬಾಗಿಲಿನಷ್ಟೇ ಪವಿತ್ರವಾದ ಇನ್ನೊಂದು ಬಾಗಿಲು ಪ್ರತಿ ಊರಿನಲ್ಲಿಯೂ ಇರುತ್ತದೆ. ಅದು ಐದಾರು ವರ್ಷದ ಕಂದಮ್ಮಗಳು ಮೊದಲ ಬಾರಿಗೆ ತಾಯಿಯ ಸೆರಗನ್ನು ಬಿಟ್ಟು ಒಳಗೆ ಕಾಲಿಡುವ ಶಾಲೆಯ ಬಾಗಿಲು. ಆ ಬಾಗಿಲು ನಮ್ಮ ಸೀಮೆಯಲ್ಲಿ ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು, ಒಳಗೆ ಹೋದ ಮಗು ವಾರವಿಡೀ ಏನನ್ನು ಕಲಿಯುತ್ತಿತ್ತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬಳ್ಳಾರಿ ನಗರದ ಈಶಾನ್ಯಕ್ಕಿರುವ ಸಂಗನಕಲ್ಲಿನ ಹೆಸರು ಇತಿಹಾಸ ಬಲ್ಲವರಿಗೆಲ್ಲ ಪರಿಚಿತ. ಅಲ್ಲಿಯ ಸಣ್ಣರಾಚಮ್ಮ ಗುಡ್ಡ ಮತ್ತು ಹಿರೇಗುಡ್ಡಗಳಲ್ಲಿ ನವಶಿಲಾಯುಗದ ಜನರು ದನಕರುಗಳನ್ನು ಸಾಕಿಕೊಂಡು ನೆಲೆಸಿದ್ದರು. ಬಿ. ಸುಬ್ಬರಾವ್ ಅವರು ೧೯೪೦ರ ದಶಕದಲ್ಲಿ ನಡೆಸಿದ ಉತ್ಖನನವೂ, ತರುವಾಯದ ವಿದ್ವಾಂಸರ ಶೋಧನೆಗಳೂ ಈ ಗುಡ್ಡಗಳನ್ನು ಜಗತ್ತಿನ ವಿದ್ವಾಂಸರಿಗೆ ಪರಿಚಯಿಸಿದವು. ಹಿರೇಗುಡ್ಡದಲ್ಲಿ ಕಪ್ಪು ಶಿಲೆಯನ್ನು ಒಡೆದು, ಉಜ್ಜಿ, ಕೊಡಲಿಗಳನ್ನು ಮಾಡುವ ದೊಡ್ಡ ಕಾರ್ಯಾಗಾರವೇ ಇದ್ದಿತು. ಬಂಡೆಗಳ ಮೇಲೆ ಗೂಳಿಗಳ ಮತ್ತು ಮನುಷ್ಯರ ರೂಪಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅಕ್ಷರವಿಲ್ಲದ ಆ ಕಾಲದಲ್ಲಿಯೂ ಕೈಗೆಲಸವು ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದಿತೆಂದ ಮೇಲೆ, ಹಿರಿಯರು ಕಿರಿಯರಿಗೆ ಕೈಹಿಡಿದು ಕಲಿಸಿರಲೇಬೇಕು. ಕಲಿಸುವ ಮತ್ತು ಕಲಿಯುವ ಕಾರ್ಯ ಈ ಮಣ್ಣಿಗೆ ಹೊಸದಲ್ಲ.

ಇನ್ನು ಅಕ್ಷರದ ಶಾಲೆಗಳ ವಿಷಯ. ೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಇಲ್ಲಿ ಕಲೆಕ್ಟರನಾಗಿ ಕೀರ್ತಿ ಪಡೆದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾದಾಗ, ೧೮೨೨ರ ಜೂನ್ ೨೫ರಂದು, ಪ್ರಾಂತದ ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ, ಏನು ಓದುತ್ತಾರೆ ಎಂಬ ಲೆಕ್ಕವನ್ನು ಕೇಳಿದನು. ಆಗ ಬಳ್ಳಾರಿಯ ಕಲೆಕ್ಟರನಾಗಿದ್ದವನು ಎ.ಡಿ. ಕ್ಯಾಂಪ್‌ಬೆಲ್. ತೆಲುಗು ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ವಿದ್ವಾಂಸನೀತ. ೧೮೨೩ರ ಆಗಸ್ಟ್ ೧೭ರಂದು ಅವನು ಕಳುಹಿಸಿದ ಉತ್ತರವು ಬರಿಯ ಅಂಕಿಗಳ ಪಟ್ಟಿಯಾಗಿರದೆ, ಶಾಲೆಯ ಒಳಗಿನ ಜೀವನವನ್ನೇ ಕಣ್ಣಮುಂದೆ ನಿಲ್ಲಿಸುವ ಅಪೂರ್ವ ದಾಖಲೆಯಾಗಿದೆ. ಧರ್ಮಪಾಲ್ ಅವರು ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಮತ್ತೆ ಜನರ ಗಮನಕ್ಕೆ ಬಂದಿತು.

ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ವಿಶಾಲ. ಅನಂತಪುರ ಬೇರೆಯಾದುದು ೧೮೮೨ರಲ್ಲಿ. ಆ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳು, ಸಾವಿರ ಜನರಿಗೆ ಏಳರಷ್ಟು ಮಂದಿ ಮಾತ್ರ. ಕನ್ನಡ ಶಾಲೆಗಳು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರ್ಸಿಯವು ೨೧, ತಮಿಳಿನವು ನಾಲ್ಕು, ಇಂಗ್ಲಿಷಿನದು ಒಂದೇ ಒಂದು. ಇವುಗಳಲ್ಲದೆ ಬ್ರಾಹ್ಮಣರಿಗಾಗಿ ೨೩ ಸಂಸ್ಕೃತ ಪಾಠಶಾಲೆಗಳಿದ್ದವು. ಕನ್ನಡ ಮತ್ತು ತೆಲುಗು ಒಂದೇ ಬೀದಿಯಲ್ಲಿ ಒಂದೇ ಮನೆಯಲ್ಲಿ ಬೆರೆತು ನಡೆಯುವ ನಮ್ಮ ಸೀಮೆಯ ಸ್ವಭಾವ ಈ ಅಂಕಿಗಳಲ್ಲಿಯೂ ಕಾಣುತ್ತದೆ.

ಮಗುವಿಗೆ ಐದು ವರ್ಷ ತುಂಬುತ್ತಲೇ ವಿದ್ಯಾರಂಭ. ಉಪಾಧ್ಯಾಯರನ್ನೂ ಶಾಲೆಯ ಮಕ್ಕಳೆಲ್ಲರನ್ನೂ ಮನೆಗೆ ಕರೆಯುತ್ತಿದ್ದರು. ಎಲ್ಲರೂ ಗಣಪತಿಯ ವಿಗ್ರಹದ ಸುತ್ತ ಕುಳಿತುಕೊಳ್ಳುತ್ತಿದ್ದರು. ಉಪಾಧ್ಯಾಯರು ಮಗುವಿನ ಪಕ್ಕದಲ್ಲಿ ಕುಳಿತು, ಜ್ಞಾನವನ್ನು ಬೇಡುವ ಪ್ರಾರ್ಥನೆಯನ್ನು ಹೇಳಿಕೊಟ್ಟು, ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದರು. ಹೊಸ ಮಗುವನ್ನು ಬರಮಾಡಿಕೊಳ್ಳಲು ಇಡೀ ಶಾಲೆಯೇ ಅದರ ಮನೆಗೆ ಹೋಗುತ್ತಿದ್ದುದು ಗಮನಿಸಬೇಕಾದ ಸಂಗತಿ. ಕಲಿಕೆಯೆಂಬುದು ಒಂಟಿ ಮಗುವಿನ ಪ್ರಯತ್ನವಲ್ಲ, ಒಂದು ಬಳಗವನ್ನು ಸೇರುವ ಕಾರ್ಯ ಎಂಬ ಅರಿವು ಆ ಪದ್ಧತಿಯಲ್ಲಿ ಅಡಗಿದೆ.

ಮರುದಿನದಿಂದ ಶಾಲೆ. ಬೆಳಿಗ್ಗೆ ಆರು ಗಂಟೆಗೇ ಅದು ಪ್ರಾರಂಭ. ಮೊದಲು ಬಂದ ಮಗುವಿನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈ ಮೇಲೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬರ್ಥದಲ್ಲಿ ಒಂದು ಸೊನ್ನೆ, ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಕೊನೆಯವನವರೆಗೆ ಏಟುಗಳು ಏರುತ್ತ ಹೋಗುತ್ತಿದ್ದವು.

ಅಕ್ಷರಾಭ್ಯಾಸವು ಬಾಯಿಂದಲ್ಲ, ಬೆರಳಿನಿಂದ ಮೊದಲಾಗುತ್ತಿತ್ತು. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಾಡಿಸಿ ಅಕ್ಷರಗಳ ರೂಪವನ್ನು ಕಲಿಯಬೇಕು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮರದ ಪಟ್ಟಿ. ನುಣುಪು ಮಾಡಿ, ಅನ್ನ ಮತ್ತು ಇದ್ದಲಿನ ಪುಡಿಯನ್ನು ಬಳಿದರೆ ಅದು ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಚಿ, ಇದ್ದಲು ಮತ್ತು ಅಂಟುಗಳನ್ನು ಲೇಪಿಸಿದ್ದು. ಎರಡರ ಮೇಲೂ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬಹುದಾಗಿತ್ತು. ಅಕ್ಷರದ ತರುವಾಯ ಕಾಗುಣಿತ, ಒತ್ತಕ್ಷರ; ಬಳಿಕ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು; ಕೊನೆಗೆ ಅಂಕಿಗಳು.

ಲೆಕ್ಕದಲ್ಲಿ ಹೆಚ್ಚಿನ ಶ್ರಮವೆಲ್ಲ ಭಿನ್ನರಾಶಿಗೆ. ಅದು ಹತ್ತರ ಭಾಗಗಳಲ್ಲಿ ಇಳಿಯದೆ ನಾಲ್ಕರ ಭಾಗಗಳಲ್ಲಿ ಇಳಿಯುತ್ತಿತ್ತು. ಒಂದರಲ್ಲಿ ನಾಲ್ಕನೆಯ ಒಂದು ಕಾಲು, ಕಾಲಿನಲ್ಲಿ ನಾಲ್ಕನೆಯ ಒಂದು ವೀಸ. ದಿನಕ್ಕೆ ಎರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ, ಮಗ್ಗಿಗಳನ್ನೂ ಅಳತೆ ತೂಕಗಳನ್ನೂ ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ನಮ್ಮ ಹಿರಿಯರಲ್ಲಿ ಕೆಲವರು ಕಾಗದ ಪೆನ್ಸಿಲ್ಲುಗಳಿಲ್ಲದೆ ಸಂತೆಯ ಲೆಕ್ಕವನ್ನು ಬಾಯಲ್ಲೇ ಮುಗಿಸುತ್ತಿದ್ದುದನ್ನು ಕಂಡವರಿಗೆ ಈ ಶಿಕ್ಷಣದ ಬಲ ತಿಳಿದಿದೆ.

ವಾರದ ಲೆಕ್ಕವೂ ಅಂದು ಬೇರೆ. ಕೂಲಿಮಠವೆಂದು ಕನ್ನಡಿಗರು ಕರೆಯುತ್ತಿದ್ದ ಈ ಶಾಲೆಗಳಲ್ಲಿ ಬಿಡುವು ಚಂದ್ರನನ್ನು ಅನುಸರಿಸುತ್ತಿತ್ತು. ಅಮಾವಾಸ್ಯೆ ಹುಣ್ಣಿಮೆಗಳಂದು ಪಾಠವಿಲ್ಲ. ಏಳು ದಿನಕ್ಕೊಮ್ಮೆ ಭಾನುವಾರದ ವಿಶ್ರಾಂತಿ ಬಂದುದು ತರುವಾಯ, ಸರ್ಕಾರ ಮತ್ತು ಮಿಷನ್ ಶಾಲೆಗಳ ಮೂಲಕ.

ಆ ಪದ್ಧತಿಯಲ್ಲಿ ಕ್ಯಾಂಪ್‌ಬೆಲ್ ಅತಿಯಾಗಿ ಮೆಚ್ಚಿದ್ದು ಒಂದು ಗುಣವನ್ನು. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳು. ಮೇಲಿನ ವರ್ಗಕ್ಕೆ ಉಪಾಧ್ಯಾಯರೇ ಪಾಠ ಹೇಳಿದರೆ, ಕೆಳಗಿನ ವರ್ಗಗಳಿಗೆ ಮುಂದುವರಿದ ಮಕ್ಕಳೇ ಕಲಿಸುತ್ತಿದ್ದರು. ಕಲಿಸಿದವನಿಗೂ ತನ್ನ ಪಾಠ ಗಟ್ಟಿಯಾಗುತ್ತಿತ್ತು. ಇಂಥ ಪದ್ಧತಿಯನ್ನೇ ಮದರಾಸಿನ ಅನಾಥಾಲಯದಲ್ಲಿ ಪ್ರಯೋಗಿಸಿದ ಆಂಡ್ರೂ ಬೆಲ್ ಎಂಬಾತನು ೧೭೯೭ರಲ್ಲಿ ಅದನ್ನು ಕುರಿತು ಲಂಡನ್ನಿನಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಅದು 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಹಬ್ಬಿತು. ನಮ್ಮ ಹಳ್ಳಿಯ ಜಗಲಿಯ ಮರಳಿನಿಂದ ಪಶ್ಚಿಮ ದೇಶವೂ ಪಾಠ ಕಲಿತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಹಿಂದಿನದೆಲ್ಲ ಹೊನ್ನು ಎಂದು ನಾವು ಭ್ರಮಿಸಲಾಗದು. ಸೋಮಾರಿ ವಿದ್ಯಾರ್ಥಿಯನ್ನು ಎರಡು ಕೈಗಳನ್ನೂ ಕಟ್ಟಿ ಸೂರಿಗೆ ಎಳೆದು ತೂಗುಹಾಕುವ ಶಿಕ್ಷೆ ಇತ್ತು. ಕನ್ನಡನಾಡಿನಲ್ಲಿ ಅದಕ್ಕೆ ಕೋದಂಡವೆಂದು ಹೆಸರು. ನಿಲ್ಲದೆ ಬಸ್ಕಿ ಹೊಡೆಸುವುದೂ ಇತ್ತು. ಪದ್ಯಗ್ರಂಥಗಳನ್ನು ಮಕ್ಕಳು ಅರ್ಥ ತಿಳಿಯದೆ ಗಿಳಿಪಾಠ ಮಾಡುತ್ತಿದ್ದರೆಂದು ಕ್ಯಾಂಪ್‌ಬೆಲ್ಲನೇ ದೂರುತ್ತಾನೆ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಬಾಗಿಲಿನ ಹೊರಗೆ ಉಳಿದವರದು. ಆರೂವರೆ ಸಾವಿರ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಬರಿಯ ಅರವತ್ತು! ಒಂಬತ್ತು ಲಕ್ಷ ಜನರಿರುವ ಸೀಮೆಯಲ್ಲಿ ಅರವತ್ತು ಹೆಣ್ಣುಮಕ್ಕಳಿಗೆ ಮಾತ್ರ ಮರಳಿನ ಮೇಲೆ ಬೆರಳಾಡಿಸುವ ಭಾಗ್ಯ. ತಿಂಗಳಿಗೆ ಕಾಲು ರೂಪಾಯಿ, ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದರೆ ಅರ್ಧ ರೂಪಾಯಿ ಕೊಡಬೇಕಾಗಿದ್ದ ಶಾಲೆಗೆ ಬಡವನ ಮಗ ಹೋಗುವುದೆಂತು?

ಈ ಪ್ರಶ್ನೆಗೆ ಕಲೆಕ್ಟರನು ಕೊಟ್ಟ ಉತ್ತರ ಇಂದಿಗೂ ಮನ ಕಲಕುವಂಥದು. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ದೇಶ ಬಡವಾಗುತ್ತಿರುವುದೇ ಕಾರಣವೆಂದು ಅವನು ನೇರವಾಗಿ ಬರೆದನು. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಮಗ್ಗಗಳು ನಿಂತಿದ್ದವು. ಮಕ್ಕಳ ಎಳೆಯ ಕೈಕಾಲುಗಳು ಸ್ವಲ್ಪ ದುಡಿಯಲು ಶಕ್ತವಾಗುತ್ತಲೇ ಹೆತ್ತವರಿಗೆ ಆ ದುಡಿಮೆ ಬೇಕಾಗುತ್ತಿತ್ತು. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ದೊರೆಯುತ್ತಿದ್ದ ಆಶ್ರಯ ತಪ್ಪಿತ್ತು. ಐನೂರ ಮೂವತ್ಮೂರು ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದು ಆ ಸರ್ಕಾರದ ಅಧಿಕಾರಿಯೇ ಒಪ್ಪಿಕೊಂಡನು. ಸತ್ಯವನ್ನು ಮೇಲಿನವರಿಗೆ ಮುಚ್ಚಿಡದೆ ಹೇಳಿದ ಆ ಧೈರ್ಯವನ್ನು ನಾವು ಗೌರವಿಸಬೇಕು. ಮನ್ರೋ ೧೮೨೬ರ ಮಾರ್ಚ್ ೧೦ರಂದು ಜಿಲ್ಲಾ ಮತ್ತು ತಹಸೀಲು ಶಾಲೆಗಳ ಯೋಜನೆಯನ್ನು ಮುಂದಿಟ್ಟನು. ಮರುವರ್ಷದ ಜುಲೈಯಲ್ಲಿ ಪತ್ತಿಕೊಂಡದಲ್ಲಿ ವಾಂತಿಭೇದಿಗೆ ಬಲಿಯಾದನು. ಅವನ ತರುವಾಯ ಆ ಯೋಜನೆ ಬಲಗುಂದಿತು.

ಈ ನಡುವೆ ಕ್ರೈಸ್ತ ಮಿಷನರಿಗಳ ಸೇವೆಯೂ ಆರಂಭವಾಗಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಪವಿತ್ರ ಗ್ರಂಥದ ಭಾಷಾಂತರಕ್ಕೆ ಕೈಹಾಕಿದರು. ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಪ್ರಕಟವಾಯಿತು. ಅವರು ನಮ್ಮ ಸಭೆಯವರಲ್ಲದಿದ್ದರೂ ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಕೃತಜ್ಞತೆಯಿಂದ ನೆನೆಯುವುದು ನ್ಯಾಯ. ನಮ್ಮ ಸಭೆಯಲ್ಲಿಯೂ ಬಡ ಮಕ್ಕಳ ಶಿಕ್ಷಣಕ್ಕೆ ಉಜ್ವಲ ಪರಂಪರೆಯಿದೆ. ೧೭ನೆಯ ಶತಮಾನದ ಫ್ರಾನ್ಸಿನಲ್ಲಿ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರು ಮಕ್ಕಳಿಗೆ ಓದನ್ನು ಲ್ಯಾಟಿನ್ನಿನಿಂದಲ್ಲ, ತಾಯ್ನುಡಿಯಿಂದಲೇ ಮೊದಲುಮಾಡಿಸಿದರು. ಅವರ ಶಾಲೆಗಳು ಬಡವರಿಂದ ಶುಲ್ಕವನ್ನು ಕೇಳಲಿಲ್ಲ. ೧೯೫೦ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅವರನ್ನು ಶಿಕ್ಷಕರೆಲ್ಲರ ಪಾಲಕ ಸಂತರೆಂದು ಘೋಷಿಸಿದರು.

ಬಳ್ಳಾರಿ ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಊರೂರಿಗೆ ಸರ್ಕಾರಿ ಶಾಲೆ ಬಂದಿತು. ಬಾಗಿಲು ಎಲ್ಲ ಜಾತಿಯವರಿಗೂ ಹೆಣ್ಣುಮಕ್ಕಳಿಗೂ ತೆರೆಯಿತು. ಇಂದು ಸರ್ಕಾರಿ ಕನ್ನಡ ಶಾಲೆಯ ಕೆಳ ತರಗತಿಗೆ ಹೋಗಿ ನೋಡಿದರೆ ಹಳೆಯದರ ಒಳ್ಳೆಯ ಅಂಶವೊಂದು ಹೊಸ ರೂಪದಲ್ಲಿ ಕಾಣುತ್ತದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ೨೦೦೯–೧೦ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದ 'ನಲಿ-ಕಲಿ' ಪದ್ಧತಿಯಲ್ಲಿ ಮಕ್ಕಳು ಸಾಲಾಗಿ ಕೂರದೆ ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮತ್ತೆ ಕೆಲವಕ್ಕೆ ಸಹಪಾಠಿಗಳ ನೆರವು, ಕೊನೆಯದಕ್ಕೆ ಸ್ವಕಲಿಕೆ. ಪ್ರತಿ ಮಗುವೂ ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಏರುತ್ತದೆ. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಆರಂಭಿಸಿ, ಬೇಗನೆ 'ಸರ', 'ಅರಸ' ಎಂದು ಅರ್ಥವುಳ್ಳ ಪದಗಳನ್ನು ಓದುತ್ತದೆ. ಗಿಳಿಪಾಠದ ಹಳೆಯ ರೋಗಕ್ಕೆ ಇದೇ ಮದ್ದು. ಹವಾಮಾನದ ನಕ್ಷೆಯಲ್ಲಿ ಬಿಸಿಲು ಮೋಡಗಳನ್ನು ದಿನದಿನವೂ ಗುರುತಿಸುತ್ತ ಮಗು ವಾರದ ಹೆಸರುಗಳನ್ನು ತಾನಾಗಿಯೇ ಕಲಿಯುತ್ತದೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳ ಮೇಲೆ ಕೈ ಮಾಡುವುದನ್ನೇ ನಿಷೇಧಿಸಿದೆ. ಕೋದಂಡದ ಹಗ್ಗ ಕಾನೂನಿನಲ್ಲಾದರೂ ಕಡಿದು ಬಿದ್ದಿದೆ.

ಅನ್ನದ ವಿಷಯವನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ೨೦೦೨ರಲ್ಲಿ 'ಅಕ್ಷರ ದಾಸೋಹ'ದ ಬಿಸಿಯೂಟ ರಾಜ್ಯದಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ೨೦೧೩ರಲ್ಲಿ ಹಾಲು ಬಂದಿತು. ೨೦೨೧ರ ಕೊನೆಯಲ್ಲಿ ಈ ಭಾಗದ ಶಾಲೆಗಳಿಗೆ ಮೊಟ್ಟೆ ಬಂದಿತು; ಒಲ್ಲದವರಿಗೆ ಬಾಳೆಹಣ್ಣು. ಹಸಿದ ಹೊಟ್ಟೆಗೆ ಅಕ್ಷರ ಇಳಿಯದು ಎಂಬುದನ್ನು, ಅರಣ್ಯದಲ್ಲಿ ಜನಸಮೂಹಕ್ಕೆ ರೊಟ್ಟಿಯನ್ನು ಹಂಚಿಸಿದ ಪ್ರಭುವಿನ ಶಿಷ್ಯರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಎಲ್ಲವೂ ನೆಟ್ಟಗಾಯಿತೇ? ಇಲ್ಲವೆಂದೇ ನಾವು ಹೇಳಬೇಕಾಗಿದೆ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸಿರುಗುಪ್ಪ, ಕುರುಗೋಡುಗಳ ಹೊಲಗಳಲ್ಲಿ ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲ ಬಂದಾಗ ಬಡ ಮನೆಯ ಮಕ್ಕಳ ಹಾಜರಿ ಇಂದಿಗೂ ತಪ್ಪುತ್ತದೆ. ದೊಡ್ಡವರು ಕೂಲಿಗೆ ಹೋದಾಗ ಮನೆಯ ಕೂಸನ್ನು ನೋಡಿಕೊಳ್ಳಲು ಉಳಿಯುವವಳು ಸಾಮಾನ್ಯವಾಗಿ ಹೆಣ್ಣುಮಗಳು. ೧೮೨೩ರಲ್ಲಿ ಕಲೆಕ್ಟರನು ಬರೆದ ಮಾತಿನ ನೆರಳು ಇನ್ನೂ ನಮ್ಮ ಓಣಿಗಳಲ್ಲಿ ಸುಳಿಯುತ್ತಿದೆ. ಒಂದು ವಾರ ತಪ್ಪಿದ ಎಳೆಯ ಮಗು ಏಣಿಯ ಒಂದು ಮೆಟ್ಟಿಲು ಕೆಳಗೆ ಉಳಿಯುತ್ತದೆ. ಒಂದು ಸುಗ್ಗಿ ಪೂರ್ತಿ ತಪ್ಪಿದ ಮಗು ಏಣಿಯನ್ನೇ ಬಿಟ್ಟು ಹೋಗುತ್ತದೆ.

ಆದುದರಿಂದ ಈ ಉತ್ಸವದ ವರ್ಷದಲ್ಲಿ ವಿಶ್ವಾಸಿಗಳಾದ ತಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ತಮ್ಮ ಓಣಿಯಲ್ಲಿ ಯಾವ ಮಗು, ಯಾವ ಧರ್ಮದ್ದೇ ಆಗಿರಲಿ, ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗದೆ ಉಳಿದಿದೆ ಎಂಬುದನ್ನು ವಿಚಾರಿಸಿರಿ. ಅದರ ತಾಯಿ ಕೂಲಿಗೆ ಹೋಗಿದ್ದರೆ ಕೂಸನ್ನು ಕೆಲವು ಗಂಟೆಯ ಕಾಲ ತಮ್ಮ ಮನೆಯಲ್ಲಿರಿಸಿಕೊಳ್ಳಿರಿ. ಓದಿದ ಯುವಕ ಯುವತಿಯರು ಭಾನುವಾರದ ಜ್ಞಾನೋಪದೇಶದ ತರುವಾಯ ಹಿಂದುಳಿದ ಮಕ್ಕಳಿಗೆ ಒಂದು ಗಂಟೆ ಅಕ್ಷರ, ಮಗ್ಗಿಗಳನ್ನು ಹೇಳಿಕೊಡಲಿ. ಮುಂದಿರುವವನು ಹಿಂದಿರುವವನಿಗೆ ಕಲಿಸುವುದು ನಮ್ಮ ಸೀಮೆಯ ಪುರಾತನ ಪದ್ಧತಿಯೇ ಅಲ್ಲವೇ? ಎಳೆಯ ಮಕ್ಕಳನ್ನು ತನ್ನ ಬಳಿಗೆ ಬರಗೊಟ್ಟ ಪ್ರಭು ಯೇಸುಸ್ವಾಮಿಯು ಈ ಸೀಮೆಯ ಎಲ್ಲ ಮಕ್ಕಳನ್ನೂ, ಅವರಿಗೆ ಕಲಿಸುವ ಎಲ್ಲ ಗುರುಗಳನ್ನೂ ಆಶೀರ್ವದಿಸಲಿ.