ಕಳೆ ಯಾವಾಗ ಹಸಿರಾಗುತ್ತದೆ, ಪರಾಗ ಯಾವಾಗ ಹಾರುತ್ತದೆ?

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನ್ದಾರ 1736ರಿಂದ ಮರ ಚಿಗುರಿದ ದಿನ, ಹೂ ಅರಳಿದ ದಿನ ಎಲ್ಲವನ್ನೂ ಬರೆದಿಡತೊಡಗಿದ. ಮನೆತನದವರು ಆ ರೂಢಿಯನ್ನು 1958ರವರೆಗೂ ಬಿಡಲಿಲ್ಲ. ಸಸ್ಯದ ಬೆಳವಣಿಗೆಗೆ ದಿನದಿನದ ಉಷ್ಣತೆಯನ್ನು ಕೂಡಿಸಿ ಲೆಕ್ಕ ಹಾಕಬೇಕೆಂದು ಫ್ರಾನ್ಸಿನ ರೆಯೋಮ್ಯೂರ್ ಹೇಳಿದ್ದು 1735ರಲ್ಲಿ. ಹವ್ಯಾಸಿಯ ದಿನಚರಿಯೂ ವಿಜ್ಞಾನಿಯ ಲೆಕ್ಕವೂ ದೊಡ್ಡ ಪ್ರಮಾಣದಲ್ಲಿ ಒಂದಾದದ್ದು ಮಾತ್ರ 20ನೇ ಶತಮಾನದಲ್ಲಿ.

ಅಮೆರಿಕದ ಮೊಂಟಾನಾದಲ್ಲಿ 1950ರ ದಶಕದಲ್ಲಿ ಜೋಸೆಫ್ ಕ್ಯಾಪ್ರಿಯೊ ತೋಟದ ಹವ್ಯಾಸಿಗಳಿಗೆ ಲೈಲ್ಯಾಕ್ ಗಿಡವನ್ನು ಗಮನಿಸುವ ಕೆಲಸ ವಹಿಸಿದರು. ಮುಂದೆ ಹಲವು ಕಡೆ ಒಂದೇ ತಾಯಿಗಿಡದ ತದ್ರೂಪಿ ಸಸಿಗಳನ್ನು ಹಂಚಲಾಯಿತು. ಗಿಡ ಒಂದೇ ಆದ್ದರಿಂದ, ಹೂವಿನ ದಿನ ಹಿಂದುಮುಂದಾದರೆ ಅದಕ್ಕೆ ಹವೆಯೇ ಕಾರಣ. ವಸಂತ ಯಾವಾಗ ಶುರುವಾಗುತ್ತದೆಂದು ಅಳೆಯಲು ಸಂಶೋಧಕ ಮಾರ್ಕ್ ಶ್ವಾರ್ಟ್ಜ್ ಕಟ್ಟಿದ ವಸಂತ ಸೂಚ್ಯಂಕಕ್ಕೆ ಈ ದಾಖಲೆಗಳೇ ಬುನಾದಿ.

ಜರ್ಮನಿ ಇಂಥ ದಾಖಲೆಯನ್ನು ಮೂಗಿನ, ಅಂದರೆ ಪರಾಗದ ಅಲರ್ಜಿ ಇರುವವರ, ಉಪಯೋಗಕ್ಕೆ ತಂದಿತು. ಅಲ್ಲಿನ ಹವಾಮಾನ ಇಲಾಖೆಗೆ ಸಾವಿರದ ಆಸುಪಾಸು ಸ್ವಯಂಸೇವಕರಿದ್ದಾರೆ. ಹೇಜಲ್, ಆಲ್ಡರ್ ಮರಗಳು ಅರಳಿದ ಸುದ್ದಿಯನ್ನು ಅವರಲ್ಲಿ ಕೆಲವರು ಕೂಡಲೇ ತಿಳಿಸುತ್ತಾರೆ. ಪರಾಗದ ಮುನ್ಸೂಚನೆಗೆ ಅದೂ ಸೇರುತ್ತದೆ.

ಋತುವಿಗೆ ತಕ್ಕಂತೆ ಜೀವಿಗಳಲ್ಲಿ ಆಗುವ ಇಂಥ ಬದಲಾವಣೆಗಳನ್ನು ಗಮನಿಸುವ ಶಾಸ್ತ್ರಕ್ಕೆ ಫಿನಾಲಜಿ ಎಂದು ಹೆಸರು. ಅಮೆರಿಕದ ರಾಷ್ಟ್ರೀಯ ಫಿನಾಲಜಿ ಜಾಲ ಹುಟ್ಟಿದ್ದು 2007ರಲ್ಲಿ. ಅದರ 'ನೇಚರ್ಸ್ ನೋಟ್‌ಬುಕ್' ಎಂಬ ವೀಕ್ಷಣಾ ಕಾರ್ಯಕ್ರಮ ಸ್ವಯಂಸೇವಕರಿಗೆ ಕೇಳುವ ಪ್ರಶ್ನೆಗಳು ಸರಳ. ಹೂಗೊಂಚಲನ್ನು ಅಂಗೈ ಮೇಲೆ ಮೆಲ್ಲಗೆ ಅಲುಗಾಡಿಸಿದಾಗ ಪುಡಿ ಉದುರಿತೇ? ಹೌದು ಅಥವಾ ಇಲ್ಲ. ಈ 'ಇಲ್ಲ'ಕ್ಕೆ ಬೆಲೆ ಹೆಚ್ಚು. ಸೋಮವಾರ ಇಲ್ಲ, ಗುರುವಾರ ಹೌದು ಎಂದಾದರೆ ಪರಾಗ ಶುರುವಾದದ್ದು ಆ ಮೂರು ದಿನದೊಳಗೆ ಎಂದು ಗೊತ್ತಾಗುತ್ತದೆ. ಬರೀ 'ಹೌದು' ಇದ್ದರೆ ಅದು ವಾರದಿಂದಲೂ ಉದುರುತ್ತಿದ್ದಿರಬಹುದು.

ಕಳೆಯ ವಿಷಯದಲ್ಲಿ ಈ ಜಾಲದ ಒಳ್ಳೆಯ ಕೆಲಸ ಬಫೆಲ್ ಹುಲ್ಲಿನದು. ನಮ್ಮ ಒಣನಾಡಿನಲ್ಲಿ ಅದು ಮೇವು, ಅಂಜನ್ ಹುಲ್ಲು. ಅರಿಝೋನಾದ ಮರುಭೂಮಿಯಲ್ಲಿ ಒಣಗಿ ಬೆಂಕಿಗೆ ಸೌದೆಯಾಗುವ ಪೀಡೆ. ಕಳೆನಾಶಕ ನಾಟುವುದು ಹುಲ್ಲು ಅರ್ಧಕ್ಕಿಂತ ಹೆಚ್ಚು ಹಸಿರಾಗಿದ್ದಾಗ ಮಾತ್ರ. 24 ದಿನಗಳಲ್ಲಿ ಸುಮಾರು 43 ಮಿಲಿಮೀಟರ್ ಮಳೆ ಬಿದ್ದರೆ ಒಂದೆರಡು ವಾರದಲ್ಲಿ ಆ ಹದ ಬರುತ್ತದೆ. ಜಾಲದ ಮುನ್ಸೂಚನೆಯ ನಕ್ಷೆ ಇಷ್ಟನ್ನೇ ಹೇಳುತ್ತದೆ. ನಿಜವಾಗಿ ಹಸಿರಾಯಿತೇ ಎಂಬುದನ್ನು ಗುಡ್ಡ ಹತ್ತಿದವರು ನೋಡಿ ತಿಳಿಸಬೇಕು.

ನನಗೆ ಲೈಲ್ಯಾಕ್‌ಗಿಂತ ಈ ಹುಲ್ಲಿನ ಪಾಠವೇ ನಮಗೆ ಹತ್ತಿರ ಅನ್ನಿಸುತ್ತದೆ. ಕಾಂಗ್ರೆಸ್ ಗಿಡ ಕಾಯುವುದು ವಸಂತದ ಬಿಸಿಗಲ್ಲ, ಮಳೆಗೆ. ಕಳೆಯೂ ಅದೇ, ಅಲರ್ಜಿಯೂ ಅದೇ. ಮಕ್ಕಳಿಂದ ಸಾವಿರಾರು ದಾಖಲೆ ಪಡೆದ ನಮ್ಮ 'ಸೀಸನ್‌ವಾಚ್' ಯೋಜನೆ ನೋಡುವುದು ಮರಗಳನ್ನು. ಖಾಲಿ ಸೈಟಿನ ಕಳೆಗೂ ಅಷ್ಟೇ ಕಣ್ಣು ಬೇಕು. ಈ ಸಲ ಮೊದಲ ಮಳೆ ಬಿದ್ದಾಗ ದಿನಾಂಕ ಬರೆದಿಡಿ. ಮೊಳಕೆ ಕಂಡ ದಿನ, ಬಿಳಿ ಹೂ ಕಂಡ ದಿನ ಬರೆಯಿರಿ. ಹೋಗಿ ನೋಡಿಯೂ ಹೂ ಕಾಣದ ದಿನವನ್ನು ಬಿಡಬೇಡಿ.